ಒಬ್ಬನಿಗೋಸ್ಕರ ಒಲೆ ಹಚ್ಚಬೇಕೇ?

ನರಸಾಪುರ ಪಾಳಿ, ಕೋಲಾರ:
ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಕೋಲಾರದಲ್ಲಿ ಬಾಡಿಗೆ ಕೋಣೆ. ಎರಡನೇ ಪಾಳಿ ಮುಗಿಸಿ ಬರುವಾಗ ರಾತ್ರಿ ಹನ್ನೊಂದೂವರೆ. ಆ ಹೊತ್ತಿಗೆ ಸಿಗುವುದು ತಳ್ಳುಗಾಡಿಯ ಎಗ್ ರೈಸ್ ಮಾತ್ರ. ವಾರಕ್ಕೆ ಐದು ದಿನ ಅದೇ, ಈಗ ಎದೆಯುರಿ ಬೇರೆ. ಮುಳಬಾಗಿಲಿನಿಂದ ಅಮ್ಮ ರಾಗಿ ಹಿಟ್ಟು ಕಳುಹಿಸಿದ್ದಾರೆ. ಕಳೆದ ಭಾನುವಾರ ಮುದ್ದೆ ಮಾಡಲು ಹೋದೆ. ಕುದಿಯುವ ನೀರಿಗೆ ಹಿಟ್ಟು ಸುರಿದು ತಕ್ಷಣ ಸೌಟಿನಲ್ಲಿ ತಿರುವಿದೆ. ನೆಲ್ಲಿಕಾಯಿ ಗಾತ್ರದ ಗಂಟುಗಳು, ಒಡೆದರೆ ಒಳಗೆ ಒಣ ಹಿಟ್ಟು! "ಇಷ್ಟೆಲ್ಲ ಯಾಕೆ, ಮೊಬೈಲ್ ಒತ್ತಿದರೆ ಊಟ ಬರುತ್ತದೆ" ಎಂದು ಪಕ್ಕದ ಕೋಣೆಯವನು ನಕ್ಕ. ಅವನ ಮಾತೂ ಸುಳ್ಳಲ್ಲ. ಒಬ್ಬನಿಗೋಸ್ಕರ ಅಡುಗೆ ಕಲಿಯುವುದರಲ್ಲಿ ಅರ್ಥವಿದೆಯೇ?

ನಿವೃತ್ತ ಚಾಲಕ, ಚಿಂತಾಮಣಿ:
ತಮ್ಮಾ, 31 ವರ್ಷ ಬಸ್ ಓಡಿಸಿದವನು ನಾನು. ಅಷ್ಟು ವರ್ಷವೂ ಹಾಲು ಕಾಯಿಸಿದವನಲ್ಲ. ನಿವೃತ್ತನಾದ ವರ್ಷವೇ ಮನೆಯವಳಿಗೆ ಚಿಕೂನ್‌ಗುನ್ಯಾ ಬಂತು, ಬೆರಳು ಮಡಚಲಾಗದು. ಗಂಜಿ ಕಾಯಿಸೋಣವೆಂದು ಒಳಗೆ ಹೋದರೆ ಅಕ್ಕಿ ನುಚ್ಚು ಯಾವ ಡಬ್ಬದಲ್ಲಿದೆ ಎಂಬುದೇ ತಿಳಿಯದು. ಜ್ವರದಲ್ಲಿ ಮಲಗಿದ್ದವಳನ್ನೇ ಎಬ್ಬಿಸಿ ಕೇಳಿದೆ. ಗೋಡೆ ಹಿಡಿದುಕೊಂಡು ಬಂದು ಡಬ್ಬ ತೋರಿಸಿ ಮತ್ತೆ ಮಲಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದೂವರೆ ತಿಂಗಳು ಅವಳು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೇಳುವುದು, ನಾನು ಮಾಡುವುದು. ಒಬ್ಬನಿಗೋಸ್ಕರ ಎಂದು ನೀನು ಕೇಳುತ್ತೀಯ. ನನಗೆ ಗೊತ್ತಿರುವುದು ಇಷ್ಟೇ.

ಮುದ್ದೆಯ ವಿಷಯಕ್ಕೆ ಬಂದರೆ, ನಿನ್ನದು ಅವಸರ. ಎರಡು ಲೋಟ ನೀರಿಗೆ ಒಂದು ಲೋಟ ಹಿಟ್ಟು. ಮೊದಲು ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಹಾಕು. ಉಕ್ಕಿ ಬಂದಾಗ ಉಳಿದದ್ದನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಉರಿ ತಗ್ಗಿಸು. ಐದಾರು ನಿಮಿಷ ಮುಟ್ಟಬೇಡ. ಆಗಲೇ ತಿರುವಿದರೆ ಗಂಟಿನ ಹೊರಮೈ ಬೆಂದು ಅಂಟಾಗುತ್ತದೆ, ಒಳಗಿನ ಹಿಟ್ಟಿಗೆ ನೀರೇ ಇಳಿಯುವುದಿಲ್ಲ. ಬೆಂದ ಮೇಲೆ ಕೆಳಗಿಳಿಸಿ, ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತೊಳಸು. ಒದ್ದೆ ಬೆರಳಿಗೆ ಅಂಟದಿದ್ದರೆ ಆಯಿತು. ಸೌಟು ಬೇಡ, ಬಾಗುತ್ತದೆ. ನಮ್ಮ ಮನೆಯಲ್ಲಿ ಎರಡು ಬಾಗಿವೆ.

ಕ್ಯಾತ್ಸಂದ್ರದ ಅಕ್ಕ, ತುಮಕೂರು:
ಮುದ್ದೆ ಭಾನುವಾರಕ್ಕೆ ಸರಿ. ಹನ್ನೊಂದೂವರೆಗೆ ದಣಿದು ಬಂದವನು ಹಿಟ್ಟು ತೊಳಸುತ್ತ ನಿಲ್ಲುತ್ತಾನೆಯೇ? ಎರಡನೇ ಪಾಳಿಯವರಿಗೆ ಬೆಳಗ್ಗೆ ಬಿಡುವಿರುತ್ತದೆ, ಬಸ್ಸಾರು ಮಾಡಿಡಿ. ದಂಟಿನ ಸೊಪ್ಪು, ಒಂದು ಹಿಡಿ ತೊಗರಿಬೇಳೆ ಒಟ್ಟಿಗೆ ಬೇಯಿಸಿ ಬಸಿಯಿರಿ. ಕಟ್ಟು ಸಾರಿಗೆ, ಸೊಪ್ಪು ಪಲ್ಯಕ್ಕೆ. ಬೇಳೆ ಕರಗುವಷ್ಟು ಬೇಯಬಾರದು, ಬೆರಳಲ್ಲಿ ಹಿಚುಕಿದರೆ ನಲುಗಬೇಕು. ಮಿಕ್ಸಿ ಇಲ್ಲವೆಂದು ಬಿಡಬೇಡಿ, ಜಜ್ಜಿದ ಬೆಳ್ಳುಳ್ಳಿ, ಸಾರಿನ ಪುಡಿ, ಹುಣಸೆ ರಸ ಸಾಕು. ಅವರೆಕಾಯಿ ಕಾಲದಲ್ಲಿ ಬೇಳೆಯ ಬದಲು ಕಾಳು ಹಾಕಿ. ರಾತ್ರಿ ಬಂದು ಅನ್ನಕ್ಕಿಟ್ಟರೆ, ಸ್ನಾನ ಮುಗಿಯುವಷ್ಟರಲ್ಲಿ ಊಟ.

ನನ್ನ ಇಬ್ಬರು ಗಂಡು ಮಕ್ಕಳಿಗೂ ಹತ್ತನೇ ತರಗತಿಯ ರಜೆಯಲ್ಲಿ ಇದನ್ನೇ ಕಲಿಸಿದೆ. ಗಂಡು ಹುಡುಗರ ಕೈಗೆ ಸೌಟು ಕೊಟ್ಟೆನೆಂದು ಅತ್ತೆಯವರಿಗೆ ಇನ್ನೂ ಮುನಿಸು. ಮೊಮ್ಮಕ್ಕಳು ಮಾಡಿದ ಸಾರನ್ನು ಮಾತ್ರ ಎರಡು ಸಲ ಬಡಿಸಿಕೊಳ್ಳುತ್ತಾರೆ.

ನರಸಾಪುರ ಪಾಳಿ, ಕೋಲಾರ:
ಇವತ್ತು ಮತ್ತೆ ಮಾಡಿದೆ. ಕೋಲು ಇರಲಿಲ್ಲ, ಲಟ್ಟಣಿಗೆಯಲ್ಲಿ ತೊಳಸಿದೆ. ಮೂರೇ ಗಂಟು. ಅಕ್ಕ, ನಿಮ್ಮ ಬಸ್ಸಾರೂ ಆಯಿತು. ಅಂದು ನಕ್ಕವನು ಎರಡು ಮುದ್ದೆ ನುಂಗಿ, ಸಾರಿಗೆ ಖಾರ ಸಾಲದು ಎಂದ. ಯಜಮಾನರೇ, ಅಮ್ಮನವರ ಬೆರಳು ಈಗ ಹೇಗಿದೆ?

ನಿವೃತ್ತ ಚಾಲಕ, ಚಿಂತಾಮಣಿ:
ಬೆರಳು ಸರಿಯಾಗಿದೆ ಕಣಪ್ಪ. ಬೆಳಗಿನ ಕಾಫಿ ಮಾತ್ರ ಇನ್ನೂ ನನ್ನದೇ. ಸಕ್ಕರೆ ಹೆಚ್ಚಾಯಿತೆಂದು ದಿನವೂ ಬೈಸಿಕೊಳ್ಳುತ್ತೇನೆ.