ಸರ್ಪಸುತ್ತಿಗೆ ಜಾಜು (ಕೆಮ್ಮಣ್ಣು) ಹಚ್ಚೋದಾ, ಮಾತ್ರೆ ಕೊಡೋದಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮತ್ತೆಗೆ 64 ವರ್ಷ. ಮೊನ್ನೆಯಿಂದ ಬಲ ಸೊಂಟದಲ್ಲಿ ವಿಪರೀತ ಉರಿ, ನಿನ್ನೆ ನೀರುಗುಳ್ಳೆ ಸಾಲಾಗಿ ಎದ್ದಿವೆ. ಇಲ್ಲಿನ ಡಾಕ್ಟ್ರು ಸರ್ಪಸುತ್ತು ಅಂತ ಅಸೈಕ್ಲೊವಿರ್ 800 ಮಿ.ಗ್ರಾಂ. ಮಾತ್ರೆ ದಿನಕ್ಕೆ 5 ಸಲ, 7 ದಿನ ಬರೆದಿದ್ದಾರೆ. ಅತ್ತೆ ಒಪ್ತಿಲ್ಲ. "ಜಾಜು ಹಚ್ಚಿಸಿ, ಹೆಡೆ ಬಾಲ ಕೂಡಿದ್ರೆ ನಾನು ಉಳಿಯಲ್ಲ" ಅಂತ ಅಳ್ತಾರೆ. ಪಕ್ಕದ ಮನೆಯವರು ಬೇವಿನ ಸೊಪ್ಪು ಅರೆದು ತಂದಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಇವತ್ತೇ ಮಾತ್ರೆ ಶುರು ಮಾಡಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಕೊಟ್ಟರೆ ಅದರ ಪ್ರಯೋಜನ ಹೆಚ್ಚು.

ಗುಳ್ಳೆಸಾಲು ಹಾವಿನಂತೆ ಸೊಂಟ ಸುತ್ತಿ ಹೆಡೆ ಬಾಲ ಕೂಡುತ್ತದೆ ಅನ್ನುವ ಭಯಕ್ಕೆ ಒಂದು ಕೆಲಸ ಮಾಡಿ. ಸೆರಗು ಸರಿಸಿ ಅವರಿಗೇ ತೋರಿಸಿ. ಗುಳ್ಳೆಗಳು ಬೆನ್ನುಮೂಳೆಯ ಹತ್ತಿರ ಶುರುವಾಗಿ, ಮುಂದೆ ಹೊಟ್ಟೆಯ ನಡುಗೆರೆ ದಾಟದೆ ನಿಂತಿರುತ್ತವೆ. ಎಂದೋ ಸೀತಾಳೆ ಸಿಡುಬು ತಂದ ವೈರಸ್ಸೇ ಒಂದು ನರದ ಬುಡದಲ್ಲಿ ಇಷ್ಟು ವರ್ಷ ಮಲಗಿದ್ದು ಈಗ ಎದ್ದಿದೆ. ಆ ನರ ಹರಡುವುದು ಒಂದೇ ಬದಿಗೆ, ಹಾಗಾಗಿ ಗುಳ್ಳೆಯೂ ಅಷ್ಟಕ್ಕೇ.

ಮಾತ್ರೆ ಕೆಲಸ ಮಾಡುವ ಬಗೆ ನನಗೆ ಇವತ್ತಿಗೂ ಬೆರಗು. ವೈರಸ್ ತನ್ನ ಡಿಎನ್‌ಎಯನ್ನು ಮಣಿಸರದ ಹಾಗೆ ಪೋಣಿಸಿಕೊಂಡು ಬೆಳೆಯುತ್ತದೆ. ಅಸೈಕ್ಲೊವಿರ್ ಒಂದೇ ಕಡೆ ತೂತಿರುವ ಮಣಿ. ಅದು ಸೇರಿದರೆ ಸರ ಅಲ್ಲಿಗೇ ನಿಂತಿತು. ಈ ಮದ್ದನ್ನು ಚುರುಕುಗೊಳಿಸುವುದೂ ವೈರಸ್ಸಿನದೇ ಕಿಣ್ವ, ಆದ್ದರಿಂದ ಸೋಂಕಿಲ್ಲದ ಜೀವಕೋಶಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಇದನ್ನು ಕಂಡುಹಿಡಿದ ತಂಡದ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.

ಬೇವಿನ ಸಾರಕ್ಕೆ ಪ್ರಯೋಗಾಲಯದಲ್ಲಿ ಕೆಲವು ವೈರಸ್ಸುಗಳನ್ನು ತಡೆಯುವ ಗುಣ ಕಂಡಿದೆ, ನಿಜ. ಆದರೆ ಚರ್ಮದ ಮೇಲೆ ಹಚ್ಚಿದ ಸೊಪ್ಪು ನರದ ಬುಡ ಮುಟ್ಟುವುದಿಲ್ಲ. ಒಡೆದ ಗುಳ್ಳೆಗೆ ಮಣ್ಣು, ಸೊಪ್ಪು ಮೆತ್ತಿದರೆ ಕೀವಾಗುತ್ತದೆ. ಸಮಾಧಾನಕ್ಕೆ ಬೇಕೇ ಬೇಕೆಂದರೆ ಗುಳ್ಳೆಯಿಂದ ದೂರ, ಒಳ್ಳೆಯ ಚರ್ಮದ ಮೇಲೆ ಒಂದು ಜಾಜಿನ ಗೆರೆ ಎಳೆಯಿರಿ. ಹಿರಿಯರ ಮನಸ್ಸು ನೋಯಿಸಬೇಡಿ.

ಗುಳ್ಳೆ ಒಣಗುವವರೆಗೆ ತೆಳು ಹತ್ತಿಬಟ್ಟೆ ಮುಚ್ಚಿಡಿ. ಸೀತಾಳೆ ಬಾರದ ಗರ್ಭಿಣಿಯರು, ಕೂಸುಗಳು ಹತ್ತಿರ ಬರಬಾರದು.

ಇನ್ನೊಬ್ಬರು: ಸರ್, ನಮ್ಮ ತಂದೆಗೆ ಕಿಡ್ನಿ ತೊಂದರೆ ಇದೆ. ಅವರಿಗೂ ಇದೇ ಡೋಸಾ?

ಉತ್ತರ: ಬೇಡ. ಈ ಮದ್ದು ಹೊರಹೋಗುವುದು ಮೂತ್ರದಲ್ಲಿ. ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿಯೇ ಡೋಸ್ ಇಳಿಸಬೇಕು, ಅವರ ಡಾಕ್ಟರನ್ನು ಕೇಳಿ. ಯಾರಿಗೇ ಆಗಲಿ, ಗುಳ್ಳೆ ಹಣೆ ಅಥವಾ ಮೂಗಿನ ತುದಿಯಲ್ಲಿ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ.

ಪ್ರಶ್ನೆ ಕೇಳಿದವರು: ಅತ್ತೆ ನೋಡಿದ್ರು ಡಾಕ್ಟ್ರೇ, ಹೊಕ್ಕುಳ ದಾಟಿಲ್ಲ. ಮೊದಲ ಮಾತ್ರೆ ನುಂಗಿದ್ರು. ರಾತ್ರಿ ಎಬ್ಬಿಸಿ ಕೊಡಬೇಕಾ?

ಉತ್ತರ: ಬೇಡಮ್ಮಾ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನೀರು ಚೆನ್ನಾಗಿ ಕುಡಿಸಿ, ಮಲಗಲು ಬಿಡಿ.