ಸಹಾಯ ಬೇಕು: ಲ್ಯಾಟಿನ್‌ನ ‘ಪಿಯಸ್’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ರೋಮನ್ ಕವಿ ವರ್ಜಿಲನ ಲ್ಯಾಟಿನ್ ಮಹಾಕಾವ್ಯ ‘ಈನೀಡ್’ ಓದುತ್ತಿದ್ದೇನೆ, 12 ಭಾಗಗಳಲ್ಲಿ 4ನೆಯದರಲ್ಲೇ ಸಿಕ್ಕಿಬಿದ್ದಿದ್ದೇನೆ. ತನ್ನನ್ನು ಪ್ರೀತಿಸುವ ರಾಣಿ ಡೈಡೋ ತಾನೇ ಚಿನ್ನದ ಎಳೆ ಸೇರಿಸಿ ನೇಯ್ದ ಕಡುಗೆಂಪು ಹೊದಿಕೆ ಹೊದ್ದು, ಅವಳ ಊರು ಕಾರ್ತೇಜಿನಲ್ಲಿ ಕೋಟೆ ಕಟ್ಟಿಸುತ್ತಾ ನಿಂತ ಕಥಾನಾಯಕ ಈನಿಯಸ್‌ಗೆ (ಇಟಲಿಗೆ ಹೋಗಿ ನೆಲೆಸಬೇಕೆಂಬುದು ಇವನಿಗೆ ದೈವಾಜ್ಞೆ) ದೇವದೂತ ಮರ್ಕ್ಯುರಿ ಬಂದು, ಇಟಲಿ ಮರೆತೆಯಾ, ಮಗನ ಪಾಲಿನ ರಾಜ್ಯ ಮರೆತೆಯಾ ಅಂತ ಗದರುತ್ತಾನೆ. ಇವನೋ, ಗುಟ್ಟಾಗಿ ಹಡಗು ಸಜ್ಜು ಮಾಡಿಸುತ್ತಾನೆ! ಡೈಡೋ ಕೈಗೆ ಸಿಕ್ಕಿಬಿದ್ದಾಗ, ನಾನಾಗಿ ಬಯಸಿ ಇಟಲಿಗೆ ಹೋಗುತ್ತಿಲ್ಲ ಅನ್ನುತ್ತಾನೆ.

ಅವಳು ಬೈದು ಕುಸಿದುಬಿದ್ದು, ದಾಸಿಯರು ಎತ್ತಿಕೊಂಡು ಹೋದ ಕೂಡಲೇ ಕವಿ ಅವನನ್ನು ‘ಪಿಯಸ್’ ಎಂದು ಕರೆಯುತ್ತಾನೆ. ದೇವರು, ಹೆತ್ತವರು, ನಾಡು, ಎಲ್ಲರ ಋಣಕ್ಕೂ ಬದ್ಧನಾದವನು ಅಂತ ಅರ್ಥ. ಕನ್ನಡಕ್ಕೆ ಹೇಗೆ ತರೋದು? ‘ಧರ್ಮಿಷ್ಠ’ ಅಂದರೆ ಜಾಸ್ತಿ ಆಯ್ತು, ‘ಕರ್ತವ್ಯನಿಷ್ಠ’ ಅಂದರೆ ಬೀಳ್ಕೊಡುಗೆ ಸಮಾರಂಭದ ಭಾಷಣ ಇದ್ದ ಹಾಗಿದೆ, ಅಲ್ವಾ? ಇಲ್ಲಿ ಕವಿ ನಿಜವಾಗಿ ಹೊಗಳುತ್ತಿದ್ದಾನಾ, ಸುಮ್ನೆ ಚುಚ್ಚುತ್ತಿದ್ದಾನಾ? ಲ್ಯಾಟಿನ್ ಬಲ್ಲವರು ದಯವಿಟ್ಟು ಹೇಳಿ.