ಲೂಪ್ಸ್ ಹಾಕಿದಾಗ ಹಲ್ಲು ಎರಡೆರಡು ಕಾಣುತ್ತೆ, ಕುತ್ತಿಗೆಯೂ ನೋವು: ಎಲ್ಲಿ ತಪ್ಪಿದೆ?

ಮೋಲಾರ್36:
ನನ್ನದು ಫ್ಲಿಪ್-ಅಪ್ ಲೂಪ್ಸ್ (ಹಲ್ಲಿನ ಕೆಲಸಕ್ಕೆ ಕನ್ನಡಕದಂತೆ ಹಾಕುವ, ಮೇಲಕ್ಕೆ ಮಡಚಬಹುದಾದ ಭೂತಗನ್ನಡಿ), ಗೆಲಿಲಿಯನ್ ಮಾದರಿ, 3.5 ಪಟ್ಟು ದೊಡ್ಡದಾಗಿ ತೋರಿಸುತ್ತೆ. ವರ್ಕಿಂಗ್ ಡಿಸ್ಟೆನ್ಸ್ (ಕಣ್ಣಿನಿಂದ ಹಲ್ಲಿಗೆ ಇರಬೇಕಾದ ದೂರ) 34 ಸೆಂ.ಮೀ. ಅಂತ ಬರೆದಿದೆ. ತೊಂದರೆ ಮೂರು. ಮೇಲ್ದವಡೆಯ ಹಿಂದಿನ ಹಲ್ಲುಗಳ ಅಂಚು ಎರಡೆರಡು ಕಾಣುತ್ತೆ. ಇಪ್ಪತ್ತು ನಿಮಿಷ ಆಗುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತೆ. ಹೆಡ್‌ಲೈಟ್ ಹಾಕಿದರೆ ಕಾಂಪೋಸಿಟ್ (ಹಲ್ಲು ತುಂಬುವ ಪದಾರ್ಥ) ಆಕಾರ ಕೊಡುವ ಮೊದಲೇ ಬಿಗಿಯಾಗಿ, ಇನ್‌ಸ್ಟ್ರುಮೆಂಟಿನ ಜೊತೆಗೇ ಎದ್ದು ಬರುತ್ತೆ. ಲೂಪ್ಸೇ ಸರಿಯಿಲ್ಲವೋ, ಹಾಕುವ ರೀತಿ ತಪ್ಪೋ ಗೊತ್ತಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ರೂಟ್‌ಕೆನಾಲ್_ಧಾರವಾಡ:
ಡಾಕ್ಟ್ರೇ, ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲು ಎರಡೆರಡು ಕಾಣುವುದನ್ನು ನೋಡೋಣ.

ಬಿಳಿ ಹಾಳೆಯಲ್ಲಿ ಎರಡು ಸೆಂ.ಮೀ. ಉದ್ದದ ಗೆರೆಗಳಿಂದ ಒಂದು ಪ್ಲಸ್ ಗುರುತು ಬರೆಯಿರಿ. ಅದನ್ನು ಸರಿಯಾಗಿ 34 ಸೆಂ.ಮೀ. ದೂರದಲ್ಲಿಟ್ಟು ಎಡಗಣ್ಣು ಮುಚ್ಚಿ, ಗುರುತು ಲೂಪ್ಸಿನಲ್ಲಿ ಕಾಣುವ ವೃತ್ತದ ನಟ್ಟನಡುವೆ ಬರುವ ತನಕ ಅದರ ಬಲಗಡೆಯ ಕೊಳವೆ ಸರಿಸಿ. ಆಮೇಲೆ ಬಲಗಣ್ಣು ಮುಚ್ಚಿ ಎಡಗಡೆಯದನ್ನು ಹಾಗೇ ಮಾಡಿ. ಈಗ ಎರಡೂ ಕಣ್ಣು ತೆರೆದರೆ ಒಂದೇ ವೃತ್ತ ಕಾಣಬೇಕು.

ಎಂಟರ ಅಂಕಿ ಮಲಗಿದ ಹಾಗೆ ಎರಡು ವೃತ್ತ ಅಕ್ಕಪಕ್ಕ ಕಂಡರೆ ಪಾಪೆಗಳ ನಡುವಿನ ಅಂತರ ತಪ್ಪಿದೆ ಅಂತ ಅರ್ಥ. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಫ್ರೇಮ್ ಮುಖದ ಮೇಲೆ ವಾಲಿದೆ; ಮೂಗಿನ ಪ್ಯಾಡ್ ಅಥವಾ ಕಿವಿ ಕಡ್ಡಿ ಬಗ್ಗಿರುತ್ತೆ. ಇದನ್ನು ಹಾಗೇ ಬಿಡಬೇಡಿ. ಅಡ್ಡ ವ್ಯತ್ಯಾಸವನ್ನು ಕಣ್ಣು ಸ್ವಲ್ಪ ಮಟ್ಟಿಗೆ ಹೊಂದಿಸಿಕೊಳ್ಳುತ್ತೆ, ಮೇಲೆ-ಕೆಳಗಿನ ವ್ಯತ್ಯಾಸವನ್ನು ಹೊಂದಿಸಿಕೊಳ್ಳುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಸಂಜೆಯ ತಲೆನೋವಿಗೆ ಇದೊಂದೇ ಸಾಕು.

ಇನ್ನೊಂದು: ಒಂದು ಕಣ್ಣು ಮುಚ್ಚಿದ ಮೇಲೂ ಎರಡು ಕಾಣುತ್ತಾ? ಅದು ಮುಖ್ಯ, ನೋಡಿ ಹೇಳಿ.

ಮೋಲಾರ್36:
ಹಾಳೆಯ ಮೇಲೆ ಒಂದೇ ವೃತ್ತ, ಚೊಕ್ಕವಾಗಿದೆ. ಕೆಳದವಡೆಯಲ್ಲೂ ತೊಂದರೆ ಇಲ್ಲ. ಮೇಲಿನ ದವಡೆಹಲ್ಲು ಮಾತ್ರ ಒಂದು ಕಣ್ಣು ಮುಚ್ಚಿದರೂ ಎರಡಾಗಿಯೇ ಕಾಣುತ್ತೆ.

ದವಡೆ_ಮೈಸೂರು:
ಹಾಗಾದರೆ ಲೂಪ್ಸ್ ನಿರಪರಾಧಿ. ಮೇಲಿನ ದವಡೆಹಲ್ಲನ್ನು ನೀವು ನೋಡುವುದು ಮೌತ್ ಮಿರರ್‌ನಲ್ಲಿ ತಾನೇ? ತಪ್ಪು ಅಲ್ಲಿದೆ.

ಪ್ರೋಬಿನ (ಹಲ್ಲು ಪರೀಕ್ಷಿಸುವ ಕಡ್ಡಿಯ) ತುದಿಯನ್ನು ಕನ್ನಡಿಗೆ ಮೆಲ್ಲಗೆ ತಾಗಿಸಿ, ಲೂಪ್ಸಿನಲ್ಲೇ ನೋಡಿ. ತುದಿಗೂ ಅದರ ಬಿಂಬಕ್ಕೂ ನಡುವೆ ಸಣ್ಣ ಸಂದು ಕಂಡರೆ ಅದು ಸಾದಾ ಕನ್ನಡಿ, ಬೆಳ್ಳಿಯಂಥ ಲೇಪ ಗಾಜಿನ ಹಿಂದಿದೆ. ಲೇಪದಿಂದ ಒಂದು ಬಿಂಬ, ಗಾಜಿನ ಮೇಲ್ಮೈಯಿಂದ ಮಸುಕಾದ ಇನ್ನೊಂದು ಬಿಂಬ ಬರುತ್ತೆ. ಬರಿಗಣ್ಣಿಗೆ ಅದು ಗೊತ್ತಾಗಲ್ಲ, 3.5 ಪಟ್ಟಿನಲ್ಲಿ ಎದ್ದು ಕಾಣುತ್ತೆ. ತುದಿಗೆ ತುದಿ ಕೂಡಿಕೊಂಡರೆ ಫ್ರಂಟ್-ಸರ್ಫೇಸ್ ಕನ್ನಡಿ. ರೋಡಿಯಂ ಲೇಪದ ಫ್ರಂಟ್-ಸರ್ಫೇಸ್ ಕನ್ನಡಿ ತಗೊಳ್ಳಿ, ಈ ತೊಂದರೆ ಅಲ್ಲಿಗೆ ಮುಗಿಯುತ್ತೆ.

ಆದರೆ ಅದರ ಲೇಪ ಹೊರಗಡೆ ಇರುವುದರಿಂದ ಬೇಗ ಗೀರು ಬೀಳುತ್ತೆ. ಬರ್, ಸ್ಕೇಲರ್ ಜೊತೆ ಒಂದೇ ಟ್ರೇಯಲ್ಲಿ ಸುರಿದು ಅಲ್ಟ್ರಾಸಾನಿಕ್‌ಗೆ ಹಾಕಬಾರದು. ಬೇರೆ ಪೌಚಿನಲ್ಲೇ ಆಟೋಕ್ಲೇವ್ (ಹಬೆಯಿಂದ ಕ್ರಿಮಿಶುದ್ಧಿ) ಮಾಡಿಸಿ. ಒರಟು ಹತ್ತಿಯಿಂದ ಉಜ್ಜಬೇಡಿ ಅಂತ ಅಸಿಸ್ಟೆಂಟಿಗೂ ಹೇಳಿಡಿ.

ಕನ್ನಡಿಯಲ್ಲಿ ನೋಡುವಾಗ ಫೋಕಸ್ ದೂರ ಅಂದರೆ ಕಣ್ಣಿನಿಂದ ಕನ್ನಡಿಗೆ, ಕನ್ನಡಿಯಿಂದ ಹಲ್ಲಿಗೆ, ಎರಡೂ ಕೂಡಿಸಿ. ಕನ್ನಡಿ ಹಲ್ಲಿನಿಂದ 3 ಸೆಂ.ಮೀ. ಆಚೆ ಇದ್ದರೆ ತಲೆಯನ್ನು ಅಷ್ಟು ಮುಂದಕ್ಕೆ ತರಬೇಕಾಗುತ್ತೆ.

ರೂಟ್‌ಕೆನಾಲ್_ಧಾರವಾಡ:
ಕನ್ನಡಿಯ ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು, ಚೆನ್ನಾಗಿ ಹಿಡಿದಿರಿ.

ಇನ್ನು ಕುತ್ತಿಗೆ. ನೀವು ಬರೆದದ್ದರಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು 34 ಸೆಂ.ಮೀ. ಅನ್ನುವ ಸಂಖ್ಯೆ. ರೋಗಿಯನ್ನು ಮಲಗಿಸಿ ಬಾಯಿ ನಿಮ್ಮ ಮೊಣಕೈ ಎತ್ತರಕ್ಕೆ ಬರುವಂತೆ ಚೇರ್ ಏರಿಸಿ. ಬೆನ್ನು ನೆಟ್ಟಗೆ, ಮೊಣಕೈ ಪಕ್ಕೆಗೆ ತಾಗಿದ ಹಾಗೆ ಕೂತು, ಕಣ್ಣಿನ ಹೊರ ಮೂಲೆಯಿಂದ ಕೆಲಸ ಮಾಡುವ ಹಲ್ಲಿನ ತನಕ ಅಸಿಸ್ಟೆಂಟ್ ಕೈಲಿ ಟೇಪು ಹಿಡಿಸಿ ಅಳೆಯಿರಿ. ಮೂರು ಸಲ ಅಳೆದು ಸರಾಸರಿ ತಗೊಳ್ಳಿ. ಲೂಪ್ಸ್ ಹಾಕಿಕೊಂಡು ಅಳೆಯಬೇಡಿ. ನೀವು ಆಗಲೇ ಅದಕ್ಕೆ ಬಗ್ಗಿಬಿಟ್ಟಿರುತ್ತೀರಿ. ಹಾಗೇ ಪಕ್ಕದಿಂದ ಒಂದು ಫೋಟೋ ತೆಗೆಸಿ. ತಲೆ 20-25 ಡಿಗ್ರಿಗಿಂತ ಹೆಚ್ಚು ಮುಂದಕ್ಕೆ ಬಾಗಿದ್ದರೆ ಕೊಳವೆಯ ಇಳಿಕೋನ (ಅದು ಕೆಳಕ್ಕೆ ಬಾಗಿರುವ ಕೋನ) ಸಾಲದು. ಫ್ಲಿಪ್-ಅಪ್ ಆದ್ದರಿಂದ ಕೀಲಿನ ಹತ್ತಿರ ಕೊಳವೆಯನ್ನು ಇನ್ನಷ್ಟು ಕೆಳಗಿಳಿಸಬಹುದು. ಕೆಲಸ ಕಣ್ಣಿನದಾಗಬೇಕು, ಕುತ್ತಿಗೆಯದಲ್ಲ.

ಮೋಲಾರ್36:
ಅಳೆದೆ. 43, 42, 43. ಫೋಟೋದಲ್ಲಿ ಬೆನ್ನು ಗೂನಾಗಿದೆ.

ರೂಟ್‌ಕೆನಾಲ್_ಧಾರವಾಡ:
ಒಂಬತ್ತು ಸೆಂ.ಮೀ. ಕೊರತೆ. 3.5 ಪಟ್ಟಿನಲ್ಲಿ ಸ್ಪಷ್ಟತೆಯ ಆಳ (ಹಿಂದೆ-ಮುಂದೆ ಸರಿದರೂ ಸ್ಪಷ್ಟವಾಗಿ ಕಾಣುವ ವ್ಯಾಪ್ತಿ) ಕಡಿಮೆ, ಅಷ್ಟನ್ನು ಅದು ಸರಿದೂಗಿಸಲ್ಲ. ಕೆಲವು ಮಾದರಿಗಳಲ್ಲಿ ಮುಂದಿನ ಲೆನ್ಸ್ ಕ್ಯಾಪ್ ಬದಲಿಸಿ ದೂರ ಹೆಚ್ಚಿಸಬಹುದು, ಮಾರಿದವರನ್ನೇ ಕೇಳಿ. ಆಗದಿದ್ದರೆ 42-43ಕ್ಕೆ ಬೇರೆಯದೇ ಬೇಕು. ಮೊದಲ ಲೂಪ್ಸ್ ಆದರೆ 2.5 ಪಟ್ಟು ತಗೊಳ್ಳುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಾಯಿಯ ಹೆಚ್ಚು ಭಾಗ ಒಂದೇ ನೋಟಕ್ಕೆ ಸಿಗುತ್ತೆ. ದೂರ ಬದಲಾದ ಮೇಲೆ ಪ್ಲಸ್ ಗುರುತಿನ ಪರೀಕ್ಷೆ ಮತ್ತೆ ಮಾಡಲೇಬೇಕು, ಕೊಳವೆಗಳು ಕೂಡುವ ಬಿಂದು ಬದಲಾಗಿರುತ್ತೆ.

ದವಡೆ_ಮೈಸೂರು:
ಕಾಂಪೋಸಿಟ್ ಬಗ್ಗೆ. ಬಹುತೇಕ ಕಾಂಪೋಸಿಟ್‌ಗಳನ್ನು ಗಟ್ಟಿ ಮಾಡಿಸುವ ಕ್ಯಾಂಫರ್‌ಕ್ವಿನೋನ್ 470 ನ್ಯಾನೋಮೀಟರ್ ಸುಮಾರಿನ ನೀಲಿ ಬೆಳಕನ್ನು ಹೀರಿಕೊಳ್ಳುತ್ತೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳ. ಐಎಸ್‌ಒ 4049 (ಹಲ್ಲು ತುಂಬುವ ಪದಾರ್ಥಗಳ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆ ಕೇಳುವುದು 8,000 ಲಕ್ಸ್ ಬೆಳಕಿನಲ್ಲಿ 60 ಸೆಕೆಂಡ್ ತಾಳಿದರೆ ಸಾಕು ಅಂತ. ಹೆಡ್‌ಲೈಟ್ ಅದಕ್ಕಿಂತ ಎಷ್ಟೋ ಪ್ರಖರ. ಹಾಗಾಗಿ ನೀಲಿ ಬೆಳಕನ್ನು ತಡೆಯುವ ಕಿತ್ತಳೆ ಫಿಲ್ಟರ್ ಇಳಿಸದೆ ಕಾಂಪೋಸಿಟ್ ಮುಟ್ಟಬೇಡಿ. ಪ್ಯಾಡಿನ ಮೇಲೆ ತೆಗೆದಿಟ್ಟದ್ದನ್ನೂ ಮುಚ್ಚಿಡಿ. ಬಾಂಡಿಂಗ್ (ಕಾಂಪೋಸಿಟನ್ನು ಹಲ್ಲಿಗೆ ಅಂಟಿಸುವ ದ್ರವ) ಹಚ್ಚುವಾಗಲೂ ಫಿಲ್ಟರ್ ಇರಲಿ, ಅದೂ ಬೆಳಕಿಗೆ ಗಟ್ಟಿಯಾಗುವ ಪದಾರ್ಥವೇ. ಶೇಡ್ (ಹಲ್ಲಿನ ಬಣ್ಣಕ್ಕೆ ಹೊಂದುವ ಛಾಯೆ) ಮಾತ್ರ ಮೊದಲೇ, ಹಲ್ಲು ಒಣಗುವ ಮುಂಚೆ, ಫಿಲ್ಟರ್ ಎತ್ತಿ ಆರಿಸಿಕೊಳ್ಳಿ.

ಮೋಲಾರ್36:
ಪ್ರೋಬ್ ತಾಗಿಸಿ ನೋಡಿದೆ ಸರ್, ಸಂದು ಇದೆ. ಫ್ರಂಟ್-ಸರ್ಫೇಸ್ ಕನ್ನಡಿಗೆ ಹೇಳಿದ್ದೇನೆ. ಫಿಲ್ಟರ್ ಇಳಿಸಿದ ಮೇಲೆ ಕಾಂಪೋಸಿಟ್ ಮೆತ್ತಗೇ ಉಳಿಯುತ್ತಿದೆ. ಮಾಸ್ಕಿನಿಂದ ಮಂಜು ಕಟ್ಟುವುದಕ್ಕೆ ಏನಾದರೂ?

ದವಡೆ_ಮೈಸೂರು:
ಮಾಸ್ಕಿನ ತಂತಿಯನ್ನು ಮೂಗಿನ ಬದಿಗಳಿಗೆ ಒತ್ತಿ ಕೂರಿಸಿ, ಮೇಲಂಚಿಗೆ ಒಂದಿಂಚು ಮೈಕ್ರೋಪೋರ್ ಟೇಪ್ ಅಡ್ಡಲಾಗಿ ಅಂಟಿಸಿ. ಉಸಿರು ಮೇಲಕ್ಕೆ ಬರದಿದ್ದರೆ ಮಂಜೂ ಬರಲ್ಲ. ಲೆನ್ಸಿಗೆ ಮೈಕ್ರೋಫೈಬರ್ ಬಟ್ಟೆ ಮಾತ್ರ. ಮೊದಲು ಧೂಳು ಊದಿ ತೆಗೆದು ಆಮೇಲೆ ಒರೆಸಿ.